ಎಡಗಡೆ ಹಿಂದಿನ ಮಡ್‌ಗಾರ್ಡು

ನಮ್ಮ ಊರಿನಲ್ಲಿ ಯಾರೂ ಯಾರಿಗೂ "ಹೋಗಿ ಬನ್ನಿ" ಅನ್ನುವುದಿಲ್ಲ. ಬೇರೆ ಊರಿನವರಿಗೆ ಇದು ಒರಟುತನ ಅನ್ನಿಸುತ್ತದೆ, ಅನ್ನಿಸಲಿ. ಇಲ್ಲಿಂದ ಇಳಿದು ಹೋದವರು ತಿರುಗಿ ಬರುವುದಕ್ಕೆ ಕಾರಣ ಒಂದೇ: ಹೋಗುವಾಗ ಊರಿನ ಗಾಳಿಯನ್ನು ಎಳೆದುಕೊಂಡು ಹೋಗಿದ್ದಾರೆ, ಅದನ್ನು ವಾಪಸು ತರಬೇಕು. ಹಾಗಾಗಿ "ಬನ್ನಿ" ಅಂದರೆ ಮುಖದ ಮೇಲೇ ಕಳ್ಳ ಅಂದಂತೆ. ಈ ಮಾತು ಲಾರಿಗಳಿಗೆ ಮಾತ್ರ ಸಲ್ಲಬೇಕಾದದ್ದು, ಆದರೆ ಅಭ್ಯಾಸ ಎಲ್ಲದಕ್ಕೂ ಅಂಟಿಕೊಂಡಿದೆ. ಮದುವೆಯಾಗಿ ಗಂಡನ ಮನೆಗೆ ಹೊರಟ ಮಗಳಿಗೂ ನಾವು "ಹೋಗು ತಾಯಿ" ಎಂದಷ್ಟೇ ಹೇಳಿ, ಮೂಗು ಒರೆಸಿಕೊಂಡು ಒಳಗೆ ಬರುತ್ತೇವೆ.

ಊರು ಗುಡ್ಡದ ಇಳಿಜಾರಿನಲ್ಲಿದೆ. ಇರುವುದು ಒಂದೇ ದೊಡ್ಡ ರಸ್ತೆ, ಮೇಲೊಂದು ಗೇಟು, ಕೆಳಗೊಂದು ಗೇಟು. ನಮ್ಮ ಪಾಲಿಗೆ ಬಂದಿರುವುದು ಇಷ್ಟೇ ಗಾಳಿ. ಅದು ಸಂಜೆಯಾಗುತ್ತಿದ್ದಂತೆ ಮೇಲಿನ ಕೇರಿಯಿಂದ ಒಂದೊಂದೇ ಕೇರಿಗೆ ಇಳಿದು ಎಲ್ಲರ ಮನೆ ಬಾಗಿಲನ್ನೂ ಮುಟ್ಟಿ ಹೋಗುತ್ತದೆ. ಲೋಡು ತುಂಬಿದ ಲಾರಿ ಇಳಿಯುವಾಗ ಆ ಗಾಳಿ ಅದರ ಚಕ್ರಕ್ಕೆ ಸಿಕ್ಕಿಕೊಂಡು ಹೋಗಿಬಿಟ್ಟರೆ ಆ ಕೇರಿಯಲ್ಲಿ ಊದುಬತ್ತಿಯ ಹೊಗೆ ನೆಟ್ಟಗೆ ಕೋಲಿನಂತೆ ನಿಲ್ಲುತ್ತದೆ. ಒಗೆದ ಸೀರೆ ಮೂರು ದಿನವಾದರೂ ಒಣಗುವುದಿಲ್ಲ. ನಾವು ಅದಕ್ಕೂ ಒಗ್ಗಿದ್ದೇವೆ. ಒದ್ದೆ ಬಟ್ಟೆಯ ಗಂಟು ಹೊತ್ತುಕೊಂಡು ಪಕ್ಕದ ಕೇರಿಯ ನೆಂಟರ ಮನೆಗೆ ಹೋಗುತ್ತೇವೆ, ಹೋದವರು ಊಟ ಮಾಡಿಕೊಂಡೇ ಬರುತ್ತೇವೆ. "ನಿಮ್ ಕೇರೀಲಿ ಗಾಳಿ ಐತಾ?" ಎಂದು ಕೇಳುವುದೇ ನಮ್ಮಲ್ಲಿ ಕುಶಲ ವಿಚಾರಣೆ.

ಕೆಳಗಿನ ಗೇಟಿನಲ್ಲಿ ಎರಡು ಕಂಬಗಳ ನಡುವೆ ಹಗ್ಗ ಕಟ್ಟಿ ಕೆಂಪು ಬಟ್ಟೆಯ ಚೂರುಗಳನ್ನು ಇಳಿಬಿಟ್ಟಿದ್ದಾರೆ. ಲಾರಿ ದಾಟಿದ ಮೇಲೂ ಚೂರುಗಳು ಅದರ ಹಿಂದೆಯೇ ಚಾಚಿಕೊಂಡು ನಿಂತರೆ, ಗೇಟು ಕಾಯುವ ಹಾಲಪ್ಪ ಚೀಟಿ ಬರೆದು ಡ್ರೈವರ ಕೈಗೆ ಕೊಡುತ್ತಾನೆ: ಇಂಥ ಕೇರಿಯ ಗಾಳಿ, ಎಂಟು ದಿನದೊಳಗೆ ವಾಪಸು. ಲಾರಿ ಎಂಟು ದಿನದೊಳಗೆ ಅದೇ ರಸ್ತೆ ಹತ್ತಿ ಬಂದು ಮೇಲಿನ ಗೇಟಿನಲ್ಲಿ ನಿಲ್ಲಬೇಕು. ಗಾಳಿ ಇಳಿದುಕೊಳ್ಳುತ್ತದೆ. ಹಾಲಪ್ಪ ಜೊತೆಗೇ ಬಂದು, ಕಣ್ಣಾರೆ ನೋಡಿ, ಚೀಟಿ ಹರಿಯುತ್ತಾನೆ. ತಪ್ಪಿಸಿಕೊಂಡು ಹೋದವರ ಕಥೆ ನನಗೆ ಗೊತ್ತಿಲ್ಲ, ಅಂಥವರು ಯಾರೂ ಇಲ್ಲ.

ಇಂಥ ಊರಿನಲ್ಲಿ ನನ್ನದು ಮಡ್‌ಗಾರ್ಡಿನ ಕೆಲಸ. ಮೇಲಿನ ಗೇಟಿನ ಪಕ್ಕದಲ್ಲೇ ಅಂಗಡಿ, ಅಂಗಡಿಗೆ ಅಂಟಿಕೊಂಡೇ ಮನೆ, ರಸ್ತೆಗೆ ಮುಖಮಾಡಿದ ಜಗಲಿ. ನನ್ನ ಕೈಯಿಂದ ಹಾದುಹೋಗದೆ ಯಾವ ಲಾರಿಯೂ ಊರಿಗೆ ಇಳಿಯುವ ಹಾಗಿಲ್ಲ. ಗಾಳಿಯನ್ನು ಸೀಳುವುದು ಲಾರಿಯ ಮೂತಿ ಎಂದು ಜನ ತಿಳಿದಿದ್ದಾರೆ. ಮೂತಿಯಿಂದ ಗಾಳಿ ಹೇಗೋ ಜಾರಿಕೊಂಡೀತು, ಅದು ಸಿಕ್ಕಿಬೀಳುವುದು ಚಕ್ರದ ಗೂಡಿನಲ್ಲಿ. ತಿರುಗುವ ಚಕ್ರ ಗಾಳಿಯನ್ನು ತನ್ನ ಜೊತೆ ಮೇಲಕ್ಕೆತ್ತಿ ಮುಂದಕ್ಕೆ ಎಸೆಯುತ್ತದೆ, ಮುಂದಿನಿಂದ ಬರುವ ಗಾಳಿ ಅದಕ್ಕೆ ಡಿಕ್ಕಿ ಹೊಡೆಯುತ್ತದೆ, ಎರಡೂ ಜಗಳಕ್ಕೆ ಬಿದ್ದು ಗೂಡಿನೊಳಗೇ ಸುತ್ತುತ್ತವೆ. ಆ ಜಗಳವನ್ನೇ ಲಾರಿ ಊರಿಂದೂರಿಗೆ ಹೊತ್ತುಕೊಂಡು ತಿರುಗುವುದು. ನನ್ನ ತಾತ ಮಾಡುತ್ತಿದ್ದ ಮಡ್‌ಗಾರ್ಡು ಚಕ್ರಕ್ಕೆ ಹಿಡಿದ ಕೊಡೆ, ಅಷ್ಟೆ. ಅಪ್ಪ ಅದರ ಮುಂದಿನ ತುಟಿಯನ್ನು ತಗ್ಗಿಸಿ, ಟೈರಿಗೂ ತಗಡಿಗೂ ನಡುವೆ ನಾಲ್ಕು ಬೆರಳಿನಷ್ಟೇ ಜಾಗ ಬಿಟ್ಟ. ನಾನು ಪಕ್ಕಕ್ಕೆ ಸೆರಗಿನಂತೆ ಒಂದು ತಗಡು ಇಳಿಬಿಟ್ಟು, ಹಿಂಭಾಗದಲ್ಲಿ ಮೀನಿನ ಕಿವಿರಿನ ಹಾಗೆ ಐದು ಸೀಳು ಕೊಟ್ಟೆ. ಒಳಗೆ ಬಂದ ಗಾಳಿ ಜಗಳವಾಡದೆ ಆ ಸೀಳುಗಳಿಂದ ಹೊರಬಿದ್ದು ಮನೆಗೆ ಹೋಗುತ್ತದೆ. ಡೀಸೆಲ್ ಉಳಿಯಿತು ಎಂದು ಡ್ರೈವರುಗಳು ಹೊಗಳುತ್ತಾರೆ. ಅದು ಅವರ ಲಾಭ, ನನಗೆ ಬೇಕಾದದ್ದು ಗಾಳಿ.

ಅದು ಬೇಕಾದದ್ದು ಮುಖ್ಯವಾಗಿ ಅಪ್ಪನಿಗೆ. ಮೌನೇಶಾಚಾರಿ ಅಂದರೆ ಒಂದು ಕಾಲಕ್ಕೆ ತಗಡಿನ ಮೇಲೆ ಬೆರಳಾಡಿಸಿಯೇ ಎಲ್ಲಿ ತಪ್ಪಿದೆ ಎಂದು ಹೇಳುತ್ತಿದ್ದ ಮನುಷ್ಯ. ನಲವತ್ತು ವರ್ಷ ಇದ್ದಿಲು ಹೊಗೆ, ಬೆಸುಗೆಯ ಹೊಗೆ ಕುಡಿದು ಎದೆ ಹಾಳಾಗಿದೆ. ಹಗಲೆಲ್ಲ ಹೇಗೋ ಇರುತ್ತಾನೆ. ಸಂಜೆಯಾಗುತ್ತಿದ್ದಂತೆ ಉಬ್ಬಸ ಶುರುವಾಗುತ್ತದೆ, ಜಗಲಿಯ ಮೇಲೆ ಗಾಳಿಗೆ ಎದೆಯೊಡ್ಡಿ ಕೂತರೆ ಮಾತ್ರ ಇಳಿಯುತ್ತದೆ. ಪಕ್ಕದಲ್ಲಿ ತನ್ನ ಹಳೆಯ ಸುತ್ತಿಗೆ ಇಟ್ಟುಕೊಂಡಿರುತ್ತಾನೆ. ಅದರ ಮುಖದ ಅಂಚಿನಲ್ಲಿ ಚಕ್ಕೆ ಎದ್ದು, ಹೊಡೆದಲ್ಲೆಲ್ಲ ಉಗುರು ಊರಿದಂಥ ಗೆರೆ ಬೀಳುತ್ತದೆ. ತಗಡು ಮುಟ್ಟಿಸಬೇಡ ಎಂದು ನಾನೇ ಅದನ್ನು ಕೆಲಸದಿಂದ ಬಿಡಿಸಿದ್ದೇನೆ. ಹಲ್ಲಿಲ್ಲದ ಅಪ್ಪ ಈಗ ಅದರಲ್ಲಿ ಎಲೆ ಅಡಿಕೆ ಕುಟ್ಟಿಕೊಳ್ಳುತ್ತಾನೆ.

ಕಳೆದ ವರ್ಷ ಆಚೆಯ ಬಯಲು ದಾರಿಯಲ್ಲಿ ಸೇತುವೆ ಕುಸಿದು, ಆ ಕಡೆ ಹೋಗುತ್ತಿದ್ದ ಲಾರಿಗಳೆಲ್ಲ ನಮ್ಮ ಊರಿನ ಮೇಲೆ ಇಳಿಯತೊಡಗಿದವು. ಲೋಡು ಇಳಿಸಿದ ಮೇಲೆ ಖಾಲಿ ಲಾರಿಗಳು ಎಲ್ಲಿಂದಲೋ ಬಳಸಿಕೊಂಡು ಹೋಗುತ್ತಿದ್ದವೇ ಹೊರತು ನಮ್ಮ ಏರು ಹತ್ತುತ್ತಿರಲಿಲ್ಲ. ಅಂಗಡಿಯ ಮುಂದೆ ದಿನವೂ ಸಾಲು. ಆ ಸಾಲಿನಲ್ಲಿ ಒಂದು ಮಧ್ಯಾಹ್ನ ಕಡಲೆಕಾಯಿ ಲೋಡಿನ ಲಾರಿಯೊಂದು ನಿಂತಿತು. ನಾನು ಎಡಗಡೆ ಹಿಂದಿನ ಮಡ್‌ಗಾರ್ಡಿನ ಕೊನೆಯ ಅಂಚನ್ನು ತಟ್ಟುತ್ತಿದ್ದೆ.

"ಆಚಾರ್ರೇ, ಇನ್ನೆಷ್ಟೊತ್ತಾಗುತ್ತೆ?"

ಅಪ್ಪ ಎದ್ದು ಬಂದನೇನೋ ಎಂದು ಹಿಂತಿರುಗಿ ನೋಡಿದೆ. ಅಪ್ಪ ಒಳಗೆ ಮಲಗಿದ್ದ. ಆ ಮನುಷ್ಯ ನನ್ನನ್ನೇ ನೋಡುತ್ತಿದ್ದ. ನಲವತ್ತೊಂದು ವರ್ಷದಲ್ಲಿ ನನ್ನನ್ನು ಕಾಳಿ ಅಂದವರಿದ್ದಾರೆ, ಕಾಳಮ್ಮ ಅಂದವರಿದ್ದಾರೆ, ಆಚಾರಿ ಮಗಳು ಅಂದವರಿದ್ದಾರೆ, ಬೆನ್ನ ಹಿಂದೆ ಮಡ್‌ಗಾರ್ಡಮ್ಮ ಎಂದು ನಕ್ಕವರೂ ಇದ್ದಾರೆ. ಆಚಾರ್ರೇ ಅಂದವರಿಲ್ಲ. ಸುತ್ತಿಗೆ ಅರ್ಧ ಇಂಚು ಆಚೆ ಬಿತ್ತು.

"ಆಯ್ತು, ಆಯ್ತು. ಸಾಲಲ್ಲಿ ನಿಂತವ್ರೆಲ್ಲ ಹಿಂಗೇ ಅವಸರ ಮಾಡಿದ್ರೆ ನಂಗೇನ್ ಹತ್ತು ಕೈ ಐತಾ?" ಎಂದು ರೇಗಿದೆ. ಅವನು ನಕ್ಕ. ಸೀಟಿಗೆ ಹತ್ತಿ ಕೂತು, ಕಿಟಕಿಯಿಂದ ತಲೆ ಹೊರಹಾಕಿ, "ಬರ್ತೀನಿ ಆಚಾರ್ರೇ" ಅಂದ.

ಸಾಲಿಗೆ ಸಾಲೇ ಗಪ್‌ಚಿಪ್ ಆಯಿತು.

"ಇಲ್ಲಿ ಹಂಗನ್ಬಾರ್ದು. ಹೋಗಿ."

"ಹೋಗಿ ಅಂತ ಯಾರಾದ್ರೂ ಅಂತಾರೇನ್ರೀ? ನಮ್ ಕಡೆ ಅದು ಅಪಶಕುನ."

"ನಮ್ ಕಡೆ ಬನ್ನಿ ಅಂದ್ರೆ ಅಪಶಕುನ. ಹೋಗಿ ಅಂದ್ನಲ್ಲ!"

ಹೋದ. ಆ ಸಂಜೆ ನಮ್ಮ ಕೇರಿಗೆ ಗಾಳಿ ಬರಲಿಲ್ಲ. ಹಾಲಪ್ಪ ಏದುಸಿರು ಬಿಡುತ್ತ ಹತ್ತಿ ಬಂದು, "ಕಾಳಮ್ಮ, ನಿನ್ ಮಡ್‌ಗಾರ್ಡ್ ಹಾಕ್ಕಂಡ್ ಹೋದ ಕಡ್ಲೆಕಾಯಿ ಲಾರಿ ಗಾಳಿ ಎಳ್ಕಂಡ್ ಹೋಯ್ತಲ್ಲವ್ವ! ತಿಪ್ಪೇಶಿ ಅಂತೆ, ಡ್ರೈವರ್ರು. ಚೀಟಿ ಕೊಟ್ಟಿದೀನಿ" ಅಂದ. ನಾಚಿಕೆಯಿಂದ ಭೂಮಿಗಿಳಿದು ಹೋದೆ. ಮೊರ ಹಿಡಿದು ಅಪ್ಪನಿಗೆ ಬೀಸುತ್ತ ಕೂತೆ. ಎಂಟು ಸಂಜೆ ಬೀಸಿದೆ.

ಎಂಟನೆಯ ದಿನ ತಿಪ್ಪೇಶಿಯ ಲಾರಿ ಏದುತ್ತ ಏರು ಹತ್ತಿ ಬಂದು ನಿಂತಿತು. ನಿಂತದ್ದೇ ತಡ, ಗೋಡೆಯ ಮೇಲೆ ಹರವಿದ್ದ ನನ್ನ ಸೀರೆ ಸೆರಗೆತ್ತಿತು, ಅಪ್ಪ ಉದ್ದಕ್ಕೆ ಉಸಿರೆಳೆದ. ತಿಪ್ಪೇಶಿಯದು ತಪ್ಪು ಮಾಡಿ ಬಂದವನ ಮುಖವಾಗಿರಲಿಲ್ಲ. ಜಗಲಿಯಲ್ಲಿ ಅಪ್ಪನ ಪಕ್ಕ ಕೂತು ಕಡಲೆಕಾಯಿ ಸುಲಿಯುತ್ತ, ಬೀಜವನ್ನು ಅಪ್ಪನ ಸುತ್ತಿಗೆಯಲ್ಲಿ ಪುಡಿ ಮಾಡಿ ಅವನ ಅಂಗೈಗೆ ಹಾಕುತ್ತ, ಹೆಂಡತಿ ತೀರಿಕೊಂಡು ಆರು ವರ್ಷವಾಯಿತೆಂದೂ, ಮನೆಗೆ ಹೋದರೆ ಬೀಗ ತೆಗೆಯುವ ಸದ್ದು ತನಗೇ ಕೇಳಿಸುತ್ತದೆಂದೂ ಹೇಳಿದ. ಲಾರಿ ಖಾಲಿ, ಅವನಿಗೆ ಸಮಯವಿತ್ತು. ನಾನು ಮಡ್‌ಗಾರ್ಡು ಬಿಚ್ಚಿ ನೋಡಿದರೆ ಅಂಚಿನ ಹತ್ತಿರ ಹೆಬ್ಬೆರಳಿನಷ್ಟು ತಗ್ಗು, ಒಳಗಡೆ ಅಷ್ಟೇ ಉಬ್ಬು. ಗಾಳಿ ಅದಕ್ಕೆ ಎಡವಿತ್ತು. ತಟ್ಟಿ ಸರಿಮಾಡಿ, ಅಪ್ಪ ಕಲಿಸಿದಂತೆ ಉಲ್ಲನ್ ದಾರದ ತುಂಡುಗಳನ್ನು ಒಳಮೈಗೆ ಗೋಂದಿನಿಂದ ಅಂಟಿಸಿ, ಮತ್ತೆ ಅದರ ಜಾಗಕ್ಕೆ ಕೂರಿಸಿ, ಜಾಕಿಯಿಂದ ಚಕ್ರ ಎತ್ತಿ ತಿರುಗಿಸಿದೆ. ದಾರಗಳು ಗಿರಗಿರನೆ ಸುತ್ತಿದರೆ ಗಾಳಿ ಜಗಳದಲ್ಲಿದೆ ಎಂದು ಅರ್ಥ, ಒಂದೇ ಕಡೆಗೆ ತಲೆಹಾಕಿ ಮಲಗಿದರೆ ತೃಪ್ತಿಯಾಗಿದೆ ಎಂದು. ಮಲಗಿದವು.

"ಗಾಳೀನೂ ಮಲಗಿಸ್ತೀರಲ್ಲ ಆಚಾರ್ರೇ" ಅಂದ ತಿಪ್ಪೇಶಿ, ಮಗುವಿನ ಹತ್ತಿರ ಮಾತಾಡುವಷ್ಟು ಮೆತ್ತಗೆ.

ಮೊದಲ ಸಲದ್ದು ನಿಜವಾಗಿಯೂ ಕೈತಪ್ಪು. ಹದಿನೈದು ದಿನ ಬಿಟ್ಟು ಅವನು ಮತ್ತೆ ಲೋಡು ಹೊತ್ತು ಇಳಿದಾಗ ಆದದ್ದನ್ನು ಹಾಗೆನ್ನಲು ನನಗೆ ನಾಲಿಗೆ ಹೊರಳುವುದಿಲ್ಲ. ಒಮ್ಮೆ ಮಡ್‌ಗಾರ್ಡು ಹಾಕಿಸಿಕೊಂಡ ಲಾರಿಯನ್ನು ಇಳಿಯುವ ಮುಂಚೆ ತಟ್ಟಿ ನೋಡುವುದಕ್ಕೆ ಸಾಲಿನಲ್ಲಿ ಹತ್ತು ನಿಮಿಷ. ಹತ್ತು ನಿಮಿಷದಲ್ಲಿ ಅವನು "ಆರಾಮಾ ಆಚಾರ್ರೇ?" ಅನ್ನಬೇಕು, ನಾನು "ಹ್ಞೂಂ" ಅನ್ನಬೇಕು, ಮುಗಿಯಿತು. ಚೀಟಿ ಬಿದ್ದರೆ ಒಂದಿಡೀ ಸಂಜೆ. ಅದೇ ಜಾಗ, ಅದೇ ಪೆಟ್ಟು, ಮೆಲ್ಲಗೆ ಒಂದೇ ಒಂದು. ಅದಾದ ಮೇಲೆ ಎಂಟು ಸಂಜೆ ಅಪ್ಪನಿಗೆ ಮೊರ ಬೀಸಿದೆ. ತೋಳು ಬಿದ್ದುಹೋಗುವಂತೆ ನೋಯುತ್ತಿತ್ತು, ನೋಯಲಿ ಎಂದುಕೊಂಡೇ ಬೀಸಿದೆ. ಅಪ್ಪ ಒಮ್ಮೆ, "ಕೈ ನೋಯ್ತಾ ಐತಾ ಮಗಾ?" ಎಂದು ಕೇಳಿದ. ನಾನು ಮೊರವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡೆ.

ಮೂರನೆಯ ಸಲವೂ ಹೊಡೆದೆ. ಹೆತ್ತ ಅಪ್ಪನ ಉಸಿರನ್ನು ಕದ್ದು ಯಾರದೋ ಲಾರಿಗೆ ಕಟ್ಟಿ ಕಳಿಸಿದ ಮಗಳು ನಾನು, ಇದನ್ನು ನಾನೇ ಹೇಳಿಕೊಳ್ಳದಿದ್ದರೆ ಇನ್ಯಾರು ಹೇಳಬೇಕು. ಎರಡನೆಯ ಸಂಜೆಗೇ ಅಪ್ಪನ ತುಟಿ ನೀಲಿಯಾಯಿತು. ಮಾತು ನಿಂತು, ಜಗಲಿಯ ಕಂಬವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಹಾಲಪ್ಪ ಮತ್ತು ಅಕ್ಕಪಕ್ಕದ ಮನೆಯವರು ಮೊರ, ತಟ್ಟೆ, ಸಿಕ್ಕಿದ್ದನ್ನು ತಂದು ಸುತ್ತ ನಿಂತು ಬೀಸಿದರು. ಕೆಳಗಿಳಿಯುವ ಲಾರಿಯೊಂದರ ಕೈಯಲ್ಲಿ ಹಾಲಪ್ಪ ತಿಪ್ಪೇಶಿಗೆ ಸುದ್ದಿ ಮುಟ್ಟಿಸಿದ. ಮಾರನೆಯ ದಿನ ಮಧ್ಯಾಹ್ನಕ್ಕೆಲ್ಲ ತಿಪ್ಪೇಶಿ ಬಂದುಬಿಟ್ಟ. ಚಪ್ಪಲಿ ಬಿಡುವುದನ್ನೂ ಮರೆತು ಜಗಲಿ ಹತ್ತಿ, ನನ್ನ ಕೈಯಿಂದ ಮೊರ ಕಿತ್ತುಕೊಂಡು ತಾನೇ ಬೀಸಿದ, ಗಾಳಿ ಬಂದ ಮೇಲೂ ಬೀಸಿದ.

ಹೊರಡುವಾಗ ಅವನು ಹೇಳಿದ: "ಸೇತುವೆ ಕೆಲ್ಸ ಮುಗೀತಂತೆ. ಈ ಕಡೆಯಿಂದ ಇನ್ನೊಂದೇ ಟ್ರಿಪ್ಪು."

ಅಂಥ ಹೊತ್ತಿನಲ್ಲಿ ಹೇಳುವುದಕ್ಕೆ ನಮ್ಮ ಊರಿನಲ್ಲಿ ಮಾತೇ ಇಲ್ಲ. ಉಳಿದದ್ದು ಕೈಕೆಲಸ. ಹಳೆಯದನ್ನು ತಿದ್ದುವುದು ಬೇಡವೆಂದು ಅವನಿಗಾಗಿ ಹೊಸದಾಗಿ ಒಂದು ಜೊತೆ ಮಡ್‌ಗಾರ್ಡು ಮಾಡಿದೆ. ಹನ್ನೊಂದು ದಿನ ಹಿಡಿಯಿತು. ಮುಂದಿನ ತುಟಿಯನ್ನು ಹಿಂದೆಂದೂ ಇಲ್ಲದಷ್ಟು ನಯವಾಗಿ ಬಗ್ಗಿಸಿದೆ, ಪಕ್ಕದ ಸೆರಗು ಟೈರನ್ನು ಮುಕ್ಕಾಲು ಮುಚ್ಚುವಂತೆ ಇಳಿಸಿದೆ, ಐದರ ಜಾಗದಲ್ಲಿ ಏಳು ಸೀಳು ಕೊಟ್ಟು ಒಂದೊಂದರ ಅಂಚನ್ನೂ ಮಡಚಿದೆ. ಇದನ್ನು ಹಾಕಿಕೊಂಡ ಲಾರಿ ಬೀಡಿಯ ಹೊಗೆಯಷ್ಟು ಗಾಳಿಯನ್ನೂ ಒಯ್ಯಲಾರದು. ಅವನು ತಿರುಗಿ ಬರುವುದಕ್ಕೆ ಕಾರಣವೇ ಉಳಿಯದ ಹಾಗೆ ಮಾಡುತ್ತಿದ್ದೇನೆ ಎಂದು ಪ್ರತಿ ಪೆಟ್ಟಿಗೂ ಗೊತ್ತಿತ್ತು. ಅಪ್ಪ ಬೆರಳಾಡಿಸಿ ನೋಡಿ, "ಇಂಥದ್ದು ನನ್ ಕೈಲೂ ಆಗಿಲ್ಲ" ಅಂದ. ಹೊಗಳಿದಾಗ ಖುಷಿಯಾಗಬೇಕಿತ್ತು.

ಕೊನೆಯ ಟ್ರಿಪ್ಪಿನ ದಿನ ಮಡ್‌ಗಾರ್ಡು ಹಾಕಿ ಚಕ್ರ ತಿರುಗಿಸಿದಾಗ ದಾರಗಳು ಬಾಚಿದ ಕೂದಲಿನಂತೆ ಮಲಗಿದವು. ತಿಪ್ಪೇಶಿ ಬಗ್ಗಿ ಬಹಳ ಹೊತ್ತು ನೋಡಿದ. "ಚೆನ್ನಾಗಿದೆ" ಅಂದ, ಚೆನ್ನಾಗಿಲ್ಲ ಅನ್ನುವ ದನಿಯಲ್ಲಿ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಕೈ ತೊಳೆದು ಬರುತ್ತೇನೆಂದು ಹಿತ್ತಲಿಗೆ ಹೋಗಿ, ಬಕೆಟ್ಟಿನ ನೀರೆಲ್ಲ ಮುಖಕ್ಕೆ ಎರಚಿಕೊಂಡೆ. ಹೊರಗಡೆ "ಠಣ್" ಎಂದು ಒಂದು ಸದ್ದು. ಹೊರಡುವ ಮುಂಚೆ ಡ್ರೈವರುಗಳು ರಾಡಿನಿಂದ ಟೈರು ತಟ್ಟಿ ನೋಡುತ್ತಾರೆ, ಅದೇ ಇರಬೇಕು ಅಂದುಕೊಂಡೆ. ರಬ್ಬರಿಗೂ ತಗಡಿಗೂ ಸದ್ದಿನಲ್ಲಿ ಇರುವ ಅಂತರ ನನಗಿಂತ ಚೆನ್ನಾಗಿ ಬಲ್ಲವರು ಈ ಊರಿನಲ್ಲಿಲ್ಲ, ಆದರೆ ಅಳುವಾಗ ಕಿವಿ ಕೆಲಸಕ್ಕೆ ಬರುವುದಿಲ್ಲ. ಹೊರಗೆ ಬಂದಾಗ ಲಾರಿ ಇಳಿಯುತ್ತಿತ್ತು.

ಆ ಸಂಜೆ ಗಾಳಿ ಬರಲಿಲ್ಲ.

ನಾನು ನಂಬಲಿಲ್ಲ. ಹಾಲಪ್ಪ ಹತ್ತಿ ಬಂದು ಬಾಯಿ ತೆರೆಯುವ ಮೊದಲೇ, "ನಿನ್ ಹಗ್ಗ ಸರಿ ಇಲ್ಲ, ಹೋಗಿ ನೋಡು" ಎಂದು ಬೈದು ಕಳಿಸಿದೆ. ದುಃಖವೆಲ್ಲ ಎಲ್ಲಿ ಹೋಯಿತೋ, ಬರೀ ಸಿಟ್ಟು. ಹನ್ನೊಂದು ದಿನದ ಕೆಲಸ! ಏಳು ಸೀಳು! ಎಲ್ಲಿ ತಪ್ಪಿದೆ ಎಂದು ಮೊರ ಬೀಸುತ್ತಲೇ ಲೆಕ್ಕ ಹಾಕಿದೆ. ಅಪ್ಪನಿಗೆ ಉಬ್ಬಸ ಏರಿತ್ತು, ಆದರೂ ಮುಖದಲ್ಲಿ ಏನೋ ಒಂದು ಗೆಲುವು. ಎಲೆ ಅಡಿಕೆ ಕೇಳಿ ಹಾಕಿಸಿಕೊಂಡ. "ಬೀಸು ಬೀಸು, ಎಷ್ಟು ದಿನ ಬೀಸ್ತೀಯ" ಎಂದು ತಮಾಷೆ ಮಾಡಿದ. ವಯಸ್ಸಾಯಿತು, ತಿಳುವಳಿಕೆ ಹೋಗುತ್ತಿದೆ ಎಂದುಕೊಂಡೆ.

ಮೂರನೆಯ ದಿನಕ್ಕೇ ತಿಪ್ಪೇಶಿ ಹತ್ತಿ ಬಂದ. ಚೀಟಿಯ ಪುಸ್ತಕ ಹಿಡಿದು ಹಾಲಪ್ಪ ಪಕ್ಕದ ಸೀಟಿನಲ್ಲಿ ಕೂತಿದ್ದ. ಲಾರಿ ನಿಂತು ಗಾಳಿ ಇಳಿಯಿತು. ನಾನು ಯಾರನ್ನೂ ಮಾತಾಡಿಸದೆ ನೆಟ್ಟಗೆ ಎಡಗಡೆ ಹಿಂದಿನ ಚಕ್ರದ ಹತ್ತಿರ ಹೋಗಿ ಕೂತೆ. ಅದೇ ಜಾಗ. ಹೆಬ್ಬೆರಳಿನಷ್ಟು ತಗ್ಗು. ಒರೆಸಿ ನೋಡಿದರೆ ತಗ್ಗಿನ ಅಂಚಿನಲ್ಲಿ ಉಗುರು ಊರಿದಂಥ ಒಂದು ಗೆರೆ.

ಜಗಲಿಯ ಕಡೆ ತಿರುಗಿದೆ. ಸುತ್ತಿಗೆ ಅಪ್ಪನ ಪಕ್ಕದಲ್ಲೇ ಇತ್ತು.

"ಪೆಟ್ಟು ಸರಿಯಾಗ್ ಬಿದ್ದೈತಾ ನೋಡು," ಅಂದ ಅಪ್ಪ. "ಕೈ ನಡುಗ್ತಿತ್ತು."

"ನಾನ್ ಬ್ಯಾಡ ಅಂದೆ ಆಚಾರ್ರೇ," ತಿಪ್ಪೇಶಿ ಲಾರಿಯ ಆಚೆಯಿಂದಲೇ ಹೇಳಿದ. "ಹಿರೀರು ಕೇಳ್ಲಿಲ್ಲ. ಅದಕ್ಕೇ ಲೋಡ್ ಇಳ್ಸಿದ್ದೇ ತಡ, ಎಲ್ಲೂ ನಿಲ್ದಂಗೆ ಓಡ್ಬಂದೆ."

"ನಿಂಗೇನಾದ್ರೂ ಆಗಿದ್ರೆ?" ಅಪ್ಪನ ಮೇಲೆ ಕೂಗಾಡಿದೆ. "ಬುದ್ಧಿ ಐತಾ ನಿಂಗೆ? ಉಸ್ರು ನಿಂತೋಗಿದ್ರೆ ನಾನೇನ್ ಮಾಡ್ಬೇಕಿತ್ತು?"

"ನೀನ್ ಮೂರು ಸಲ ಹೊಡಿಬಹುದು, ನಾನ್ ಒಂದ್ಸಲ ಹೊಡಿಬಾರ್ದಾ?"

"ಮೂರಲ್ಲ, ಎರಡೇ!" ಅಂದುಬಿಟ್ಟೆ. "ಮೊದಲ್ನೇದು ಕೈ ತಪ್ಪಿದ್ದು!"

ಕೆಲಸದ ಮಾತು ಬಂದರೆ ನನಗೆ ಹಿಂದುಮುಂದು ತಿಳಿಯುವುದಿಲ್ಲ. ಆಡಿದ ಮಾತು ಕಿವಿಗೆ ಬಿದ್ದಾಗ ಮೈಯೆಲ್ಲ ಬೆಂಕಿಯಾಯಿತು. ಹಾಲಪ್ಪ ಬಾಯಿ ತೆರೆದುಕೊಂಡು ನಿಂತಿದ್ದ. ತಿಪ್ಪೇಶಿ ಟೈರಿನ ನಟ್ಟುಗಳನ್ನು ಒಂದೊಂದಾಗಿ ಎಣಿಸುವವನಂತೆ ತಲೆ ತಗ್ಗಿಸಿದ್ದ, ಕಿವಿಯವರೆಗೂ ನಗು ಹಬ್ಬಿತ್ತು.

"ಒಂದೇ ಜಾಗ್ದಾಗೆ ಮೂರು ಸಲ ತಗ್ಗು ಬೀಳೋ ಮಡ್‌ಗಾರ್ಡ್‌ನ ನಾನೂ ಎಲ್ಲೂ ನೋಡಿರ್ಲಿಲ್ಲ ಬಿಡಿ," ಅಂದ. ಆಮೇಲೆ ನಗು ಬಿಟ್ಟು ಹಾಲಪ್ಪನ ಕಡೆ ತಿರುಗಿದ. "ಹಾಲಪ್ಪಣ್ಣ, ಒಂದ್ ಮಾತು ಕೇಳ್ತೀನಿ. ಗಾಳಿ ಎತ್ಕಂಡ್ ಹೋದವ್ರು ಮಾತ್ರ ವಾಪಸ್ ಬರ್ಬೇಕು ಅಂತ ಐತಾ? ಸುಮ್ನೆ ಬಂದ್ರೆ ಗೇಟಲ್ಲಿ ಬಿಡಲ್ವಾ?"

ಹಾಲಪ್ಪ ಚೀಟಿಯ ಪುಸ್ತಕವನ್ನು ಹಿಂದೆ ಮುಂದೆ ತಿರುವಿ ನೋಡಿದ. ಅವನ ಅಪ್ಪನೂ ಅದೇ ಗೇಟು ಕಾದವನು. "ಸುಮ್ನೆ ಯಾರೂ ಬಂದಿಲ್ಲಪ್ಪ," ಅಂದ ಕೊನೆಗೆ. "ಬರಬಾರ್ದು ಅಂತ ಎಲ್ಲೂ ಬರ್ದಿಲ್ಲ."

ಇಡೀ ಊರಿಗೆ ಊರೇ ಇಷ್ಟು ಕಾಲ ಮಾಡಿಕೊಂಡು ಬಂದ ತಪ್ಪು ಇದು. ಕದ್ದವರೇ ವಾಪಸು ಬರುತ್ತಾರೆ ಎಂದು ಗೊತ್ತಿದ್ದ ನಮಗೆ, ಕರೆದರೂ ಬರುತ್ತಾರೆ ಎಂದು ಹೊಳೆದೇ ಇರಲಿಲ್ಲ. ಎಷ್ಟು ಹೆಣ್ಣುಮಕ್ಕಳು "ಹೋಗು ತಾಯಿ" ಅನ್ನಿಸಿಕೊಂಡು ಹೋದವರು ತವರಿಗೆ ಬರುವುದಕ್ಕೆ ನೆಪ ಸಿಗದೆ ಅಲ್ಲೇ ಉಳಿದರೋ.

"ಸೇತುವೆ ಆಯ್ತು, ಲೋಡ್ ಆ ಕಡೆ ಹೋಗುತ್ತೆ, ಹೋಗ್ಲಿ," ಅಂದ ತಿಪ್ಪೇಶಿ. "ಖಾಲಿ ಗಾಡಿ ನನ್ನಿಷ್ಟ, ಯಾವ ಏರಾದ್ರೂ ಹತ್ತುತ್ತೆ. ಆದ್ರೆ ಕರೀದೆ ಹೆಂಗೆ ಬರ್ಲಿ ಆಚಾರ್ರೇ? ನಂಗೂ ಮರ್ಯಾದೆ ಅಂತ ಒಂದೈತೆ."

ನಾನು ಮಡ್‌ಗಾರ್ಡು ಬಿಚ್ಚಿದೆ. ಮರದ ಕೊಡತಿ ತೆಗೆದುಕೊಂಡು ಒಳಗಿನ ಉಬ್ಬನ್ನು ತಟ್ಟಿ ಮಟ್ಟ ಮಾಡಿದೆ. ತಗ್ಗು ಹೋಯಿತು, ಉಗುರಿನ ಗೆರೆ ಹೋಗಲಿಲ್ಲ, ಅದನ್ನು ತೆಗೆಯುವುದಕ್ಕೂ ಹೋಗಲಿಲ್ಲ. ಮತ್ತೆ ಹಾಕಿ, ದಾರ ಅಂಟಿಸಿ, ಚಕ್ರ ತಿರುಗಿಸಿದೆ. ಎಲ್ಲ ದಾರಗಳೂ ಮಲಗಿದವು. ಅಪ್ಪ ಜಗಲಿಯಿಂದಲೇ ಕತ್ತು ಚಾಚಿ ನೋಡಿ ತಲೆಯಾಡಿಸಿದ. ಈ ಲಾರಿ ಇನ್ನು ನಮ್ಮ ಊರಿನಿಂದ ಏನನ್ನೂ ಒಯ್ಯುವುದಿಲ್ಲ.

ಹಾಲಪ್ಪ ಚೀಟಿ ಹರಿದ. ತಿಪ್ಪೇಶಿ ಸೀಟಿಗೆ ಹತ್ತಿ ಗಾಡಿ ಶುರು ಮಾಡಿದ. ಇಳಿಯುವ ಲಾರಿಗಳು ಎಂದಿನಂತೆ ಸಾಲಾಗಿ ನಿಂತಿದ್ದವು, ಅವುಗಳ ಡ್ರೈವರುಗಳೆಲ್ಲ ನಮ್ಮ ಕಡೆಯೇ ನೋಡುತ್ತಿದ್ದರು, ಎದುರು ಮನೆಯವರೂ ಹಪ್ಪಳ ಹರವುವುದನ್ನು ಬಿಟ್ಟು ನಿಂತಿದ್ದರು. ಅವನು ಕಿಟಕಿಯಿಂದ ತಲೆ ಹೊರಹಾಕಿದ. ಈ ಸಲ ಅವನು "ಬರ್ತೀನಿ" ಅನ್ನಲಿಲ್ಲ. ಸುಮ್ಮನೆ ನೋಡಿದ. ಲಾರಿ ಮೆಲ್ಲಗೆ ಮುಂದಕ್ಕೆ ಹೊರಳಿತು.

ಹುಟ್ಟಿದಾಗಿನಿಂದ ಬಾಯಲ್ಲಿ ಬಾರದ ಮಾತು.

"ಹೋಗಿ ಬನ್ನಿ" ಅಂದೆ.

ಎದುರು ಮನೆಯ ಮುದುಕಿ ಬಾಯಿಗೆ ಸೆರಗು ಹಿಡಿದಳು. ಸಾಲಿನಲ್ಲಿದ್ದ ನಮ್ಮೂರಿನ ಡ್ರೈವರೊಬ್ಬ "ಏನಂದ್ಲು?" ಎಂದು ಪಕ್ಕದವನನ್ನು ಕೇಳಿದ. ಹಾಲಪ್ಪ ಅಭ್ಯಾಸಬಲದಿಂದ ಚೀಟಿಯ ಪುಸ್ತಕ ತೆರೆದು, ಏನು ಬರೆಯಬೇಕೆಂದು ತಿಳಿಯದೆ ಮುಚ್ಚಿದ. ಸಂಜೆಯ ಗಾಳಿ ಜಗಲಿಯ ಮೇಲೆ ಅಪ್ಪನ ಬಿಳಿ ಕೂದಲನ್ನು ಕೆದರುತ್ತಿತ್ತು.

"ಇನ್ನೊಂದ್ಸಲ ಹೇಳು ಮಗಾ," ಅಂದ ಅಪ್ಪ. "ಗಾಡಿ ಸದ್ದಲ್ಲಿ ಅವ್ನಿಗೆ ಕೇಳ್ಸಿರಲ್ಲ."

ರಸ್ತೆಗಿಳಿದು ನಾಲ್ಕು ಹೆಜ್ಜೆ ಓಡಿ, ಇನ್ನೊಮ್ಮೆ ಹೇಳಿದೆ.